ಸೂಕ್ತ ರೀತಿಯಲ್ಲಿ ಒಣಗಿಸತಕ್ಕದ್ದು

ಫೆಬ್ರವರಿ 4

ಪ್ರೀತಿಯ ಮೊಂಡಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಗೆ ಮಂಡಿನೋವು, ನನಗೆ ಹೊಟ್ಟೆ ಮುಂದೆ ಬಂದಿದೆ, ಕೂದಲು ಹಿಂದೆ ಹೋಗಿದೆ, ಅಷ್ಟೇ ವಿಶೇಷ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಕುಶಲ ಕೇಳಿ ಮುಗಿಸುವಷ್ಟರಲ್ಲಿ ನಾವಿಬ್ಬರೂ ಜಗಳಕ್ಕೆ ನಿಂತಿರುತ್ತೇವೆ. ಕಾಗದದಲ್ಲಾದರೆ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಲಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಪರದೆಯ ಪೇಟೆಂಟ್ ಮೇಲೆ ಒಂದು ದೊಡ್ಡ ಕಂಪನಿ ಆಕ್ಷೇಪಣೆ ಹಾಕಿದೆ. ಬಸ್ ನಿಲ್ದಾಣ, ಆಸ್ಪತ್ರೆಯ ಅಂಗಳ, ಎಲ್ಲೆಲ್ಲಿ ಬಿಸಿಲಲ್ಲೂ ಅಕ್ಷರ ಕಾಣುವ ನಮ್ಮ ಪರದೆಯ ಬೋರ್ಡುಗಳು ನಿಂತಿವೆಯೋ ಅಲ್ಲೆಲ್ಲ ಅವರು ತಮ್ಮದನ್ನು ನಿಲ್ಲಿಸಬೇಕಂತೆ. ಅದಕ್ಕೆ ನಮ್ಮ ಪೇಟೆಂಟ್ ಅಡ್ಡ. ಅವರ ವಾದ ಏನು ಗೊತ್ತಾ? ಅರ್ಜಿಯಲ್ಲಿ ಬರೆದದ್ದನ್ನು ಓದಿಕೊಂಡು ಯಾರಿಂದಲೂ ಈ ಪರದೆ ಮಾಡಲು ಆಗುವುದಿಲ್ಲ, ಆದ್ದರಿಂದ ಪೇಟೆಂಟ್ ರದ್ದಾಗಬೇಕು. ಕಾನೂನೇನೋ ಹಾಗೇ ಇದೆ. ಸರಕಾರ ಇಷ್ಟು ವರ್ಷ ಇದು ನಿಮ್ಮದೇ ಎಂದು ಬರೆದು ಕೊಡುತ್ತದೆ, ಬದಲಿಗೆ ನಾವು ಗುಟ್ಟನ್ನೆಲ್ಲ ಬಿಚ್ಚಿಡಬೇಕು. ಕಸುಬು ಬಲ್ಲವನೊಬ್ಬ ಅರ್ಜಿ ಓದಿ, ಬೇರೆ ಯಾರನ್ನೂ ಕೇಳದೆ, ಅದನ್ನು ಮಾಡುವಂತಿರಬೇಕು. ಅವರ ತಜ್ಞ ಮಾಡಿ ನೋಡಿದನಂತೆ, ಬರಲಿಲ್ಲವಂತೆ. ಕೈಲಾಗದವನು ಇನ್ನೇನು ಹೇಳುತ್ತಾನೆ.

ನಿನ್ನಿಂದ ಒಂದು ಸಣ್ಣ ಸಹಾಯವಾಗಬೇಕು. ನೀನು ಬಣ್ಣದ ಕಾರ್ಖಾನೆಯಲ್ಲಿ ಪ್ರಯೋಗಶಾಲೆಯ ಮುಖ್ಯಸ್ಥೆ. ಪದರ ಬಳಿಯುವುದು, ಒಣಗಿಸುವುದು ನಿನಗೆ ನೀರು ಕುಡಿದಷ್ಟು ಸುಲಭ. ಅರ್ಜಿ ಸರಿಯಾಗಿಯೇ ಇದೆ ಎಂದು ಹೇಳುವ ಒಂದು ಹೇಳಿಕೆಯನ್ನು ವಕೀಲರು ಸಿದ್ಧಮಾಡಿದ್ದಾರೆ. ತಂಗಿ ಅನ್ನುವುದನ್ನು ಮುಚ್ಚಿಡುವುದು ಬೇಡ, ಮೊದಲ ಸಾಲಿನಲ್ಲೇ ಹೇಳಿಬಿಡೋಣ ಎಂದರು. ಅರ್ಜಿಯ ಪ್ರತಿಯನ್ನೂ ಇಟ್ಟಿದ್ದೇನೆ. ಹೇಳಿಕೆಯ ಮೂರನೇ ಪುಟದಲ್ಲಿ ಸಹಿ ಹಾಕಿ ಕಳಿಸು.

ಈ ಪೇಟೆಂಟ್ ಹೋದರೆ ಕಂಪನಿ ಹೋಯಿತು ಎಂದೇ ತಿಳಿ. ಮೂವತ್ತು ಜನ ಕೆಲಸಗಾರರು ನನ್ನ ಮುಖ ನೋಡುತ್ತಿದ್ದಾರೆ.

ನಿನ್ನ ಅಣ್ಣ


ಫೆಬ್ರವರಿ 15

ಅಣ್ಣನಿಗೆ ಮೊಂಡಿಯ ನಮಸ್ಕಾರ.

ಕೆಲಸ ಇದ್ದಾಗ ಮಾತ್ರ ತಂಗಿಯ ನೆನಪಾಗುತ್ತದೆ ಎಂದು ಬೈಯಬೇಕೆಂದಿದ್ದೆ. ಹೊಟ್ಟೆ ಮುಂದೆ, ಕೂದಲು ಹಿಂದೆ ಎಂಬ ಸುದ್ದಿ ಓದಿ ನಕ್ಕುಬಿಟ್ಟೆ. ಇನ್ನು ಬೈಯುವುದು ಹೇಗೆ.

ಸಹಿ ತಾನೇ, ಹಾಕೋಣ. ಆದರೆ ಕಾಗದ ಓದದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಇಲ್ಲಿ ಒಂದು ಡಬ್ಬಿ ಬಣ್ಣ ಹೊರಗೆ ಹೋಗಬೇಕಾದರೂ ನಾನು ಮುಚ್ಚಳ ತೆಗೆದು ನೋಡಿಯೇ ರುಜು ಹಾಕುವವಳು. ಈ ವಾರ ತಪಾಸಣೆಯವರು ಬಂದು ತಲೆ ತಿನ್ನುತ್ತಿದ್ದಾರೆ. ಅವರು ತೊಲಗಿದ ಮೇಲೆ ನಿಧಾನವಾಗಿ ಕೂತು ಓದುತ್ತೇನೆ.

ನಿನ್ನ ಕಾಗದ ಬಂದಾಗಿನಿಂದ ಆ ಕೋಣೆಯೇ ಕಣ್ಣಮುಂದೆ. ಟೈಲರ್ ಅಂಗಡಿಯ ಮಹಡಿ. ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ನಮ್ಮ ಮೇಜಿನ ಮೇಲಿನ ಗಾಜುಗಳು ನಡುಗುತ್ತಿದ್ದವು, ನೀನು ಕಾಲಿನಿಂದ ನೆಲ ಕುಟ್ಟಿ ಕೂಗುತ್ತಿದ್ದೆ. ಕಪ್ಪು ಬಿಳಿ ಪುಡಿ ತುಂಬಿದ ಆ ಸಣ್ಣ ಗುಳ್ಳೆಗಳನ್ನು ಮಾಡಿದವನು ನೀನು. ಅದರಲ್ಲಿ ಎರಡು ಮಾತಿಲ್ಲ. ಬಿಸಿಲಿನಲ್ಲಿ ಕಾಗದದ ಹಾಗೆ ಓದಬಹುದಾದ ಪರದೆ! ಆದರೆ ಒಂದು ಅಕ್ಷರ ಅಳಿಸಿ ಇನ್ನೊಂದು ಬರೆದರೆ ಹಳೆಯದರ ನೆರಳು ಹಾಗೇ ಉಳಿಯುತ್ತಿತ್ತು. ಹೋಗು ಎಂದರೂ ಹೋಗದ ನೆಂಟರು ಎಂದು ನೀನು ಬೈಯುತ್ತಿದ್ದೆ. ನೆನಪಿದೆಯಾ? ಕೊನೆಗೆ ರಜೆಯ ದಿನಗಳಲ್ಲಿ ನಮ್ಮ ಕಾರ್ಖಾನೆಯ ಒಣಗಿಸುವ ಪೆಟ್ಟಿಗೆಯಲ್ಲಿ ಕದ್ದುಮುಚ್ಚಿ ಒಂದೊಂದೇ ಹಾಳೆ ಇಟ್ಟು ನೋಡಿ, ಆ ನೆಂಟರನ್ನು ನಾನು ಓಡಿಸಿದೆ.

ನನ್ನ ಹೆಸರು ಅರ್ಜಿಯಲ್ಲಿ ಬೇಡ ಎಂದು ಇಬ್ಬರೂ ಕೂತೇ ತೀರ್ಮಾನಿಸಿದ್ದೆವು. ಕಾರ್ಖಾನೆಯವರು ನನ್ನ ಕೈಯಿಂದ ಹುಟ್ಟಿದ್ದೆಲ್ಲ ತಮ್ಮದು ಎಂದು ಬರೆಸಿಕೊಂಡಿದ್ದಾರಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಬಸ್ಸಿಗೆ ಕಾಯುವಾಗ ತಲೆಯ ಮೇಲಿನ ಬೋರ್ಡು ಚೊಕ್ಕವಾಗಿ ಬದಲಾಗುವುದನ್ನು ನೋಡಿದಾಗಲೆಲ್ಲ, ಹೆಸರು ಇಲ್ಲದಿದ್ದರೇನು, ನನ್ನ ಕೆಲಸ ಪೇಟೆಂಟ್ ಕಚೇರಿಯ ಕಪಾಟಿನಲ್ಲಿ ಅಚ್ಚಾಗಿ ಕೂತಿದೆಯಲ್ಲ ಎಂದುಕೊಳ್ಳುತ್ತೇನೆ. ಇದುವರೆಗೆ ಅರ್ಜಿಯನ್ನು ಕಣ್ಣಿಂದ ನೋಡಿಲ್ಲ. ಒಣಗಿಸುವ ಭಾಗ ಯಾವ ಪುಟದಲ್ಲಿದೆ ಹೇಳು, ಮೊದಲು ಅದನ್ನೇ ಓದುತ್ತೇನೆ.

ಅತ್ತಿಗೆಗೆ ಬಿಸಿನೀರಿನ ಶಾಖ ಕೊಡಲು ಹೇಳು.

ಮೊಂಡಿ


ಫೆಬ್ರವರಿ 21

ಮೊಂಡಿ,

ಅಷ್ಟು ದಪ್ಪ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದುವ ಉಸಾಬರಿ ನಿನಗೇಕೆ? ವಕೀಲರ ಭಾಷೆ ಅದು. ಒಂದು ವಾಕ್ಯ ಶುರುವಾದರೆ ಮುಂದಿನ ಪುಟದಲ್ಲೂ ಮುಗಿಯುವುದಿಲ್ಲ. ನನಗೇ ನಿದ್ದೆ ಬರುತ್ತದೆ. ಗುಳ್ಳೆಗಳನ್ನು ಮಾಡುವ ಭಾಗ ಮಾತ್ರ ಬೇಕಾದರೆ ನೋಡು, ಚಿತ್ರಗಳು ಚೆನ್ನಾಗಿ ಬಂದಿವೆ. ಉಳಿದದ್ದೆಲ್ಲ ಅಲ್ಲಲ್ಲಿ ಸೇರಿಕೊಂಡಿದೆ.

ವಕೀಲರು ದಿನಾ ಕೇಳುತ್ತಿದ್ದಾರೆ. ಸಹಿ ಹಾಕಿದ ಮೂರನೇ ಪುಟ ಒಂದನ್ನೇ ಕಳಿಸಿದರೂ ನಡೆಯುತ್ತದೆ. ನಿನ್ನ ಅತ್ತಿಗೆ ಶಾಖ ಕೊಟ್ಟುಕೊಳ್ಳುತ್ತಿದ್ದಾಳೆ, ನಿನ್ನನ್ನು ಬಾಯಿತುಂಬ ಹೊಗಳಿದಳು.

ಅಣ್ಣ


ಮಾರ್ಚ್ 2

ಅಣ್ಣಾ,

ಓದಿದೆ. ಮೊದಲಿಂದ ಕೊನೆಯವರೆಗೆ ಓದಿದೆ. ಎಲ್ಲೋ ಪುಟ ಹಾರಿಸಿರಬೇಕು ಎಂದುಕೊಂಡು ಮತ್ತೊಮ್ಮೆ ಓದಿದೆ.

ಗುಳ್ಳೆಗಳಿಗೆ ಎಷ್ಟು ಪುಟ! ಪುಡಿ ಎಷ್ಟು ನಯವಾಗಿರಬೇಕು, ಎಣ್ಣೆ ಯಾವುದು, ಎಷ್ಟು ಹೊತ್ತು ಕಲಕಬೇಕು, ಕಲಕುವ ಕಡ್ಡಿಯ ಚಿತ್ರ ಕೂಡ ಇದೆ. ಆಮೇಲೆ ಒಂದೇ ಒಂದು ಸಾಲು. "ಹೀಗೆ ಬಳಿದ ಪದರವನ್ನು ನಂತರ ಸೂಕ್ತ ರೀತಿಯಲ್ಲಿ ಒಣಗಿಸತಕ್ಕದ್ದು." ಮುಂದಿನ ಸಾಲಿನಲ್ಲಿ ಪರದೆ ಸಿದ್ಧವಾಗಿ ನಿಂತಿದೆ.

ಸೂಕ್ತ ರೀತಿ ಅಂದರೆ ಯಾವುದು? ಮುಚ್ಚಳದ ಮಾತಿಲ್ಲ, ಕರೆಂಟಿನ ಮಾತಿಲ್ಲ, ಅಂಚಿನ ಬಣ್ಣ ನೋಡುವ ಮಾತಿಲ್ಲ. ಎರಡು ವರ್ಷದ ನನ್ನ ರಜೆಗಳನ್ನೆಲ್ಲ ಎರಡು ಪದದಲ್ಲಿ ಮುಗಿಸಿದ್ದೀಯ. ಹೆಸರು ತೆಗೆಯಲು ಒಪ್ಪಿದ್ದೆ. ಕೆಲಸವನ್ನೇ ತೆಗೆದುಹಾಕು ಎಂದು ನಾನು ಯಾವಾಗ ಹೇಳಿದೆ?

ಆಮೇಲೆ ನಿನ್ನ ಹೇಳಿಕೆಯನ್ನೂ ಓದಿದೆ. ಅದರಲ್ಲಿ ನಾನು ಪ್ರಮಾಣ ಮಾಡಿ ಹೇಳಬೇಕಾದ್ದು ಇದು: "ಇಂಥ ಪದರಗಳನ್ನು ಒಣಗಿಸುವ ಕ್ರಮ ಈ ಕಸುಬಿನವರಿಗೆಲ್ಲ ಮೊದಲಿನಿಂದಲೂ ತಿಳಿದಿರುವಂಥದ್ದು. ಅದನ್ನು ವಿವರಿಸುವ ಅಗತ್ಯವಿಲ್ಲ." ಎಲ್ಲರಿಗೂ ತಿಳಿದಿತ್ತಾ? ನಿನ್ನ ಮೇಜಿನ ಮೇಲೆ ನೆರಳು ಬಿದ್ದ ಹಾಳೆಗಳು ರಾಶಿ ಬಿದ್ದಿದ್ದವಲ್ಲ, ಆಗ ಎಲ್ಲಿದ್ದರು ಈ ಕಸುಬಿನವರೆಲ್ಲ?

ಬೇಕೆಂದೇ ಒಂದು ಕೆಲಸ ಮಾಡಿದೆ. ನನ್ನ ಕೈಕೆಳಗಿನ ಇಬ್ಬರಿಗೆ, ಇಬ್ಬರೂ ನುರಿತವರು, ಅರ್ಜಿಯ ಆ ಭಾಗ ಕೊಟ್ಟು ಇದನ್ನು ಒಣಗಿಸುವುದಾದರೆ ಹೇಗೆ ಒಣಗಿಸುತ್ತೀರಿ ಎಂದು ಕೇಳಿದೆ. ಒಬ್ಬ ಬಿಸಿಗಾಳಿ ಎಂದ. ಇನ್ನೊಬ್ಬಳು ದೀಪದ ಕೆಳಗೆ ಎಂದಳು. ಇಬ್ಬರೂ ಹೇಳಿದ್ದು ನಾವು ಮೊದಲ ತಿಂಗಳಲ್ಲೇ ಮಾಡಿ ಕೈಸುಟ್ಟುಕೊಂಡದ್ದು. ಅವರ ತಜ್ಞ ಕೈಲಾಗದವನಲ್ಲ ಅಣ್ಣಾ. ಅರ್ಜಿಯಲ್ಲೇ ಇಲ್ಲ.

ಯಾಕೆ ಬರೆಯಲಿಲ್ಲ? ಇದಕ್ಕೆ ಉತ್ತರ ಕೊಡು. ಅತ್ತಿಗೆಯ ಮಂಡಿಯನ್ನು ನಡುವೆ ತರಬೇಡ.

ತಂಗಿ


ಮಾರ್ಚ್ 9

ತಂಗಿಗೆ,

ನಿನ್ನ ಇಬ್ಬರು ಕೆಲಸಗಾರರಿಗೆ ಅರ್ಜಿ ತೋರಿಸಿದ್ದೀಯ! ಎದುರು ಕಡೆಯವರು ಮಾಡುವ ಕೆಲಸವನ್ನು ನೀನೇ ಮಾಡಿ, ನನಗೇ ಬರೆದು ಕಳಿಸುತ್ತೀಯ. ಆ ಕಾಗದವನ್ನು ಓದಿದ ತಕ್ಷಣ ಹರಿದು ಹಾಕಿದೆ. ಇನ್ನು ಮುಂದೆ ಇಂಥದ್ದನ್ನೆಲ್ಲ ಬರೆಯಬೇಡ.

ಯಾಕೆ ಬರೆಯಲಿಲ್ಲ ಅಂತೀಯ. ನಿನಗೋಸ್ಕರ. ನಿನ್ನ ಕಾರ್ಖಾನೆಯ ಪೆಟ್ಟಿಗೆ, ನಿನ್ನ ಕಾರ್ಖಾನೆಯ ಕರೆಂಟು. ಆ ಕ್ರಮವನ್ನು ಇದ್ದ ಹಾಗೆ ಬರೆದಿದ್ದರೆ ಅಲ್ಲಿಯ ಯಾರಾದರೂ ಓದಿ, ಇದು ನಮ್ಮ ಪೆಟ್ಟಿಗೆಯಲ್ಲಿ ಆದ ಕೆಲಸ ಎಂದು ಪತ್ತೆ ಹಚ್ಚುತ್ತಿದ್ದರು. ನಿನ್ನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಅದನ್ನು ತಪ್ಪಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ ನಿನ್ನ ಈ ಕಾಗದ.

ಈಗ ನೀನು ಕಾನೂನನ್ನು ಸ್ವಲ್ಪ ತಿಳಿದುಕೋ. ಕಸುಬಿನವರಿಗೆ ಗೊತ್ತಿರುವುದನ್ನು ಅರ್ಜಿಯಲ್ಲಿ ಬರೆಯಬೇಕಾಗಿಲ್ಲ. ಸ್ಕ್ರೂ ತಿರುಗಿಸುವುದು ಹೇಗೆ ಎಂದು ಯಾರೂ ಬರೆಯುವುದಿಲ್ಲ. ಒಣಗಿಸುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂದಾದರೆ ಪೇಟೆಂಟ್ ಉಳಿಯುತ್ತದೆ. ಅದು ಹೊಸದು, ಯಾರೋ ಕಂಡುಹಿಡಿದದ್ದು ಎಂದಾದರೆ ಹೋಗುತ್ತದೆ. ಮೂರನೆಯ ದಾರಿ ಇಲ್ಲ. ಈಗ ಅರ್ಜಿಗೆ ಒಂದು ಅಕ್ಷರ ಸೇರಿಸಲೂ ಬರುವುದಿಲ್ಲ.

ನೀನು ನಿಜ ಹೇಳಿದರೆ ನನ್ನ ಕಂಪನಿ ಮುಳುಗುತ್ತದೆ, ನಿನ್ನ ಕೆಲಸವೂ ಹೋಗುತ್ತದೆ. ಸಹಿ ಹಾಕಿದರೆ ಯಾರಿಗೂ ಏನೂ ನಷ್ಟವಿಲ್ಲ. ಎಲ್ಲರಿಗೂ ಗೊತ್ತಿತ್ತು ಎಂದು ಒಂದು ಕಾಗದದಲ್ಲಿ ಬರೆದರೆ ನಿನ್ನ ಬುದ್ಧಿ ಕರಗಿಹೋಗುತ್ತದಾ? ನಿನಗೆ ಗೊತ್ತು, ನನಗೆ ಗೊತ್ತು. ಸಾಲದಾ?

ಅಣ್ಣ


ಮಾರ್ಚ್ 30

ಅಣ್ಣನಿಗೆ,

ಸಹಿ ಹಾಕಿದ ಹೇಳಿಕೆ ಇದರ ಜೊತೆ ಇದೆ. ಮೂರೂ ಪುಟ ಇದೆ.

ಇಷ್ಟು ದಿನ ತಡವಾದದ್ದು ಕೋಪದಿಂದಲ್ಲ. ಪೆನ್ನು ಹಿಡಿದು ಕೂರುವುದು, ಎದ್ದು ಹೋಗುವುದು, ಇದೇ ಆಯಿತು. ನಿನ್ನ ಒಣಗಿಸುವ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸರ ಮುಖ ನೆನಪಾಯಿತು. ಕಂಪನಿ ಶುರುವಾದ ವರ್ಷ ಅವರಿಗೆ ಕೈಹಿಡಿದು ಕಲಿಸಿದವಳು ನಾನೇ ಅಲ್ಲವಾ? ಅವರ ಕೆಲಸ ಹೋಗುವುದು ಬೇಡ. ನೀನು ಮುಳುಗುವುದೂ ಬೇಡ.

"ನಿನಗೆ ಗೊತ್ತು, ನನಗೆ ಗೊತ್ತು" ಎಂದು ಬರೆದೆಯಲ್ಲ, ಆ ಮಾತಿಗೆ ಸಹಿ ಹಾಕಿದ್ದೇನೆ. ಆ ಸುಳ್ಳು ಹೇಳಿಕೆಗಲ್ಲ.

ತಂಗಿ


ಜೂನ್ 12

ನನ್ನ ಮುದ್ದು ಮೊಂಡಿಗೆ,

ಗೆದ್ದೆವು! ಪೇಟೆಂಟ್ ಉಳಿಯಿತು. ಕೆಲಸಗಾರರೆಲ್ಲ ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ನಿನ್ನ ಅತ್ತಿಗೆ ಕಣ್ಣೀರು ಹಾಕಿದಳು. ವಕೀಲರಂತೂ ನಿನ್ನ ಹೇಳಿಕೆಯೇ ಬಂಗಾರ ಅಂದರು.

ನಡೆದದ್ದನ್ನು ಹೇಳಲೇಬೇಕು. ವಿಚಾರಣೆಯ ಅಧಿಕಾರಿ ಬಹಳ ಗಂಟುಮೋರೆಯ ಮನುಷ್ಯ. ಎದುರು ಕಡೆಯ ವಕೀಲ ಅರ್ಧ ದಿನ ಒಣಗಿಸುವುದರ ಮೇಲೇ ಕೊರೆದ. ಅವರ ತಜ್ಞ ಸೋತ ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿಟ್ಟ. ಕೊನೆಗೆ ಅಧಿಕಾರಿ ನನ್ನ ಕಡೆ ತಿರುಗಿ, "ಏನ್ರೀ, ಇಷ್ಟು ಓದಿದವರ ಕೈಲೇ ಆಗ್ತಿಲ್ಲ, ನೀವು ನೋಡಿದ್ರೆ ಸುಲಭ ಅಂತೀರಲ್ಲ?" ಎಂದರು. ನನಗೆ ಎಲ್ಲಿಂದ ಹೊಳೆಯಿತೋ ಕಾಣೆ. "ಸಾರ್, ಅದರಲ್ಲೇನಿದೆ? ನನ್ನ ತಂಗಿ ರಜೆ ದಿನ ಬಂದು, ಬಟ್ಟೆ ಒಣಹಾಕಿದ ಹಾಗೆ ಒಣಹಾಕಿ ಹೋಗ್ತಿದ್ಲು" ಅಂದೆ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಆ ಗಂಟುಮೋರೆಯೂ ನಕ್ಕ. ಅಲ್ಲಿಂದಾಚೆಗೆ ಗಾಳಿ ನಮ್ಮ ಕಡೆ ಬೀಸಿತು. ತೀರ್ಪಿನಲ್ಲೂ ಬರೆದಿದ್ದಾರೆ, ಅರ್ಜಿದಾರರ ಮನೆಯವರೇ ಬಿಡುವಿನಲ್ಲಿ ಮಾಡುತ್ತಿದ್ದಷ್ಟು ಸಾಧಾರಣ ಕೆಲಸ ಎಂದು.

ಯೋಚಿಸಿದರೆ ನಿಜವೇ ಅಲ್ಲವಾ? ಮುಚ್ಚಿ ಒಣಗಿಸಿ ಕರೆಂಟ್ ಕೊಟ್ಟರಾಯಿತು. ಅದಕ್ಕೆ ಇಷ್ಟು ರಾದ್ಧಾಂತ.

ಬಿಡುವು ಮಾಡಿಕೊಂಡು ಬಾ. ಒಂದು ವಾರ ಇದ್ದು ಹೋಗು.

ನಿನ್ನ ಅಣ್ಣ


ಆಗಸ್ಟ್ 20

ಮೊಂಡಿ,

ಗೆದ್ದ ಮೇಲೆ ಎರಡು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಅತ್ತಿಗೆ ಫೋನ್ ಮಾಡಿದರೆ "ಕೆಲಸ ಇದೆ" ಎಂದು ಇಟ್ಟೆಯಂತೆ. ಮೈಗೆ ಹುಷಾರಿಲ್ಲವಾ? ಬಟ್ಟೆಯ ಮಾತಿಗೆ ಬೇಸರವಾಯಿತು ಎಂದು ಅತ್ತಿಗೆ ಅನ್ನುತ್ತಾಳೆ. ನಾನು ಒಪ್ಪಲಿಲ್ಲ. ನಮ್ಮ ತಂಗಿ ಅಷ್ಟು ಸಣ್ಣ ಮನಸ್ಸಿನವಳಲ್ಲ ಎಂದೆ.

ಎದುರು ಕಡೆಯವರು ಮೇಲ್ಮನವಿ ಹಾಕಿದ್ದಾರೆ. ಈ ಸಲ ಮೂವರ ಪೀಠ. ಹೇಳಿಕೆ ಕೊಟ್ಟವರು ಖುದ್ದಾಗಿ ಬಂದು ಪ್ರಶ್ನೆಗೆ ಉತ್ತರಿಸಬೇಕಂತೆ. ಅಕ್ಟೋಬರ್ ಕೊನೆಗೆ ಇರಬಹುದು. ನೀನು ಬಾರದಿದ್ದರೆ ಹೇಳಿಕೆ ಬಿದ್ದುಹೋಗುತ್ತದೆ. ನಿನ್ನ ಕಾಲಿಗೆ ಬೀಳುವುದೊಂದು ಬಾಕಿ. ಬರುತ್ತೇನೆ ಎಂದು ಒಂದು ಸಾಲು ಬರೆ.

ಅಣ್ಣ


ಸೆಪ್ಟೆಂಬರ್ 5

ಅಣ್ಣನಿಗೆ,

ಬರುತ್ತೇನೆ.

ಮೈಗೆ ಹುಷಾರಾಗಿದ್ದೇನೆ. ಬೇಸರವಾಯಿತು ಎಂದು ಅತ್ತಿಗೆ ಅಂದದ್ದು ಸರಿ. ಹೌದು, ಆಯಿತು. ಸಣ್ಣ ಮನಸ್ಸು ಅನ್ನು, ಪರವಾಗಿಲ್ಲ. ಸುಳ್ಳಿಗೆ ಸಹಿ ಹಾಕಿ ಎಷ್ಟು ಅವಮಾನ ನುಂಗಬೇಕಾಗುತ್ತದೋ ಅಷ್ಟನ್ನು ನುಂಗಿದ್ದೆ. ಅದರ ಮೇಲೆ ಇಡೀ ಕೋಣೆ ನಗಬೇಕು ಎಂದು ನನಗೆ ತಿಳಿದಿರಲಿಲ್ಲ. ನೀನು ನಗಿಸಿದೆ ಎಂಬುದಕ್ಕಿಂತ, ಅದನ್ನು ಖುಷಿಯಿಂದ ನನಗೇ ಬರೆದೆಯಲ್ಲ, ಅದು ಇನ್ನೂ ಚುಚ್ಚುತ್ತಿದೆ. ಗೆಲ್ಲುವ ಆತುರದಲ್ಲಿ ಬಾಯಿಗೆ ಬಂದದ್ದು ಎಂದು ಸಮಾಧಾನ ಹೇಳಿಕೊಂಡಿದ್ದೇನೆ.

ತೀರ್ಪು ನಮ್ಮ ಕಾರ್ಖಾನೆಯವರ ಕೈಗೂ ಬಂದಿದೆ. ರಜೆ ದಿನ ಎಲ್ಲಿ ಒಣಗಿಸುತ್ತಿದ್ದಿರಿ ಎಂದು ಮ್ಯಾನೇಜರ್ ನಗುತ್ತಲೇ ಕೇಳಿದರು. ಅಣ್ಣನ ಕೋಣೆಯಲ್ಲಿ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಅಲ್ಲಿ ಬಂದು ಹೇಳಿಕೆಯಲ್ಲಿ ಇದ್ದದ್ದನ್ನೇ ಹೇಳುತ್ತೇನೆ. ಹೇಳಿಕೊಡಬೇಕಾಗಿಲ್ಲ. ಆಮೇಲೆ ಈ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಬಾರದು.

ತಂಗಿ


ಸೆಪ್ಟೆಂಬರ್ 14

ಮೊಂಡಿ,

ನನಗೆ ಗೊತ್ತಿತ್ತು ನೀನು ಕೈಬಿಡುವುದಿಲ್ಲ ಎಂದು. ರೈಲಿನ ಟಿಕೆಟ್ ಕಳಿಸಿದ್ದೇನೆ, ಕಿಟಕಿಯ ಪಕ್ಕದ್ದು. ಮೊದಲು ನನ್ನನ್ನು ಕೇಳುತ್ತಾರಂತೆ, ಆಮೇಲೆ ನಿನ್ನನ್ನು. ನಾನು ಹೇಳಿದ್ದಕ್ಕೆ ಹೌದು ಅನ್ನುವುದಷ್ಟೇ ನಿನ್ನ ಕೆಲಸ. ಮುಖ ಗಂಟು ಹಾಕಿಕೊಂಡು ಕೂರಬೇಡ.

ಬಟ್ಟೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮಾರಾಯ್ತಿ. ತಮಾಷೆಗೆ ಅಂದದ್ದು.

ಅಣ್ಣ


ನವೆಂಬರ್ 3

ಒಂದು "ಹೌದು" ಸಾಕಿತ್ತು. ಒಂದೇ ಒಂದು.

ನೀನು ನಮ್ಮ ಮನೆಯಲ್ಲಿ ಎರಡು ದಿನ ಇದ್ದೆ. ನಿನ್ನ ಅತ್ತಿಗೆಯ ಕೈ ಊಟ ಮಾಡಿದೆ. ನನ್ನ ಜೊತೆ ಒಂದೇ ಆಟೋದಲ್ಲಿ ಕೂತು ಅಲ್ಲಿಗೆ ಬಂದೆ. ಮನಸ್ಸಿನಲ್ಲಿ ಕತ್ತಿ ಮಸೆಯುತ್ತಲೇ ಬಂದೆ ಎಂದು ಈಗ ಅರ್ಥವಾಗುತ್ತಿದೆ. ಬಟ್ಟೆ ಒಣಹಾಕಿದಳು ಎಂದ ಒಂದು ಮಾತಿಗೆ ಎಂಥ ಸೇಡು!

ಪೇಟೆಂಟ್ ರದ್ದಾದ ಆದೇಶ ನಿನ್ನೆ ಕೈಗೆ ಬಂತು. ಪೇಟೆಂಟ್ ಉಳಿದರೆ ಕಂಪನಿ ಕೊಳ್ಳುತ್ತೇವೆ ಎಂದು ಬಂದಿದ್ದವರೂ ಹಿಂದೆ ಸರಿದರು. ಒಣಗಿಸುವ ಕೋಣೆಯ ಹೆಂಗಸರಿಗೆ ಈ ತಿಂಗಳು ಮುಗಿದ ಮೇಲೆ ಬರಬೇಡಿ ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ನಿಮಗೆ ಕೈಹಿಡಿದು ಕಲಿಸಿದವರನ್ನೇ ಕೇಳಿ ಎಂದೆ.

ಇನ್ನು ಕಾಗದ ಬರೆಯಬೇಡ.


ನವೆಂಬರ್ 19

ಅಣ್ಣಾ,

ಬರೆಯಬೇಡ ಎಂದಿದ್ದೀಯ. ಇದೊಂದು ಬರೆಯುತ್ತೇನೆ. ಓದುವುದು ಬಿಡುವುದು ನಿನ್ನಿಷ್ಟ.

ನಾನು ಸೇಡಿಗೆ ಬಂದವಳಲ್ಲ. ನಂಬಲಾರೆ ಎಂದು ಗೊತ್ತು. ಆ ಬೆಳಿಗ್ಗೆ ಆಟೋದಲ್ಲಿ ನಿನ್ನ ಪಕ್ಕ ಕೂತು, ಸುಳ್ಳನ್ನು ಬಾಯಿಪಾಠ ಮಾಡುತ್ತಲೇ ಬಂದೆ. ಎಲ್ಲರಿಗೂ ಗೊತ್ತಿರುವಂಥದ್ದು, ಎಲ್ಲರಿಗೂ ಗೊತ್ತಿರುವಂಥದ್ದು. ಹೇಳುವವಳೇ ಇದ್ದೆ.

ಪೀಠದ ನಡುವೆ ಕೂತಿದ್ದ ಆ ಹೆಂಗಸು ನಿನ್ನನ್ನು ಬಹಳ ಸರಳವಾಗಿ ಕೇಳಿದರು. "ಎಲ್ಲರಿಗೂ ಗೊತ್ತಿರೋ ಕ್ರಮ ಅಂತೀರಿ. ಸರಿ, ಏನದು? ಹೇಳಿಬಿಡಿ, ಬರ್ಕೊಳ್ತೀವಿ." ನೀನು ತಡವರಿಸಲೂ ಇಲ್ಲ. "ಮುಚ್ಚಳ ಹಾಕಿ ಪೂರ್ತಿ ಒಣಗಿಸ್ತೀವಿ. ಒಣಗಿದ ಮೇಲೆ ಕರೆಂಟ್ ಕೊಡ್ತೀವಿ" ಅಂದೆ. ಗೆದ್ದೆವು ಎಂದು ಕಳಿಸಿದ ಕಾಗದದಲ್ಲೂ ನೀನು ಹೀಗೇ ಬರೆದಿದ್ದೆ. ಖುಷಿಯಲ್ಲಿ ಗೀಚಿದ್ದು ಎಂದುಕೊಂಡು ನಾನು ದಾಟಿಸಿಬಿಟ್ಟಿದ್ದೆ. ಆಗ ನನ್ನ ತಲೆ ತುಂಬ ಆ ನಗುವೇ ಇತ್ತು.

ಆಮೇಲೆ ಅವರು ನನ್ನ ಕಡೆ ತಿರುಗಿ, "ನಿಮ್ಮಣ್ಣ ಹೇಳಿದ್ದು ಸರೀನಾಮ್ಮಾ?" ಎಂದರು.

"ಇಲ್ಲ" ಅಂದೆ.

ಯೋಚಿಸಿ ಅಂದದ್ದಲ್ಲ. ಅವರು ನಿನ್ನ ಮಾತಿನಂತೆ ಮಾಡಿ ನೋಡಿದ್ದರೆ ಹೇಗೂ ಬಣ್ಣ ಬಯಲಾಗುತ್ತಿತ್ತು, ಹಾಗೆಂದು ಲೆಕ್ಕ ಹಾಕಿಯೂ ಅನ್ನಲಿಲ್ಲ. ಯಾರಾದರೂ ನನ್ನೆದುರು ಡಬ್ಬಿಯ ಮೇಲೆ ತಪ್ಪು ಬಣ್ಣದ ಚೀಟಿ ಅಂಟಿಸಿದರೆ ಬಾಯಿಂದ ಹೇಗೆ ಬರುತ್ತದೋ ಹಾಗೆ ಬಂತು. ಅದು ನನ್ನದಲ್ಲ ಎಂದು ಸುಳ್ಳು ಹೇಳಲು ನನ್ನಿಂದ ಆಗುತ್ತಿತ್ತು, ಆಗಲೇ ಒಮ್ಮೆ ಹೇಳಿದ್ದೆನಲ್ಲ. ಅದನ್ನು ತಪ್ಪಾಗಿ ಹೇಳಿದಾಗ ಹೌದು ಅನ್ನಲು ನಾಲಿಗೆ ಹೊರಳಲಿಲ್ಲ. ಆಮೇಲೆ "ಹಾಗಾದ್ರೆ ಸರಿಯಾದದ್ದು ಯಾವುದು?" ಎಂದರು. ಹೇಳಿದೆ. ಪದರ ಇನ್ನೂ ಹಸಿಯಾಗಿರುವಾಗಲೇ ಕರೆಂಟ್ ಕೊಡಬೇಕು. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ, ಬಹಳ ನಿಧಾನವಾಗಿ. ಡಬ್ಬಿಗೆ ಕಾಳು ತುಂಬುವಾಗ ಕುಲುಕಿ ಕುಲುಕಿ ಕೂರಿಸುತ್ತೇವಲ್ಲ, ಹಾಗೆ ಗುಳ್ಳೆಗಳು ಒಂದರ ಪಕ್ಕ ಒಂದು ಕೂರುತ್ತವೆ. ಮುಚ್ಚಳ ಇರುವುದು ಬೇಗ ಒಣಗದಿರಲಿ ಎಂದು. ಅಂಚು ಬೂದಿ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಬೇಕು. ಪೂರ್ತಿ ಒಣಗಿದ ಮೇಲೆ ಎಷ್ಟು ಕರೆಂಟ್ ಕೊಟ್ಟರೂ ಕೂತ ಗುಳ್ಳೆ ಕದಲುವುದಿಲ್ಲ, ಹಳೆಯ ಅಕ್ಷರದ ನೆರಳು ಹೋಗುವುದಿಲ್ಲ.

"ಇದು ಎಲ್ಲರಿಗೂ ಗೊತ್ತಿತ್ತಾ?" ಎಂದು ಕೇಳಿದರು. ಅಷ್ಟು ಹೇಳಿದ ಮೇಲೆ ಅದಕ್ಕೆ ಹೌದು ಅಂದರೆ ಗೋಡೆಯೂ ನಂಬುತ್ತಿರಲಿಲ್ಲ. ಇಲ್ಲ, ನಾನೇ ಕಂಡುಕೊಂಡದ್ದು ಎಂದು ಹೇಳಿ ನಿನ್ನ ಕಡೆ ನೋಡಿದೆ. ನೀನು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಳ್ಳುತ್ತಿದ್ದೆ. ಕೋಪದಿಂದಲ್ಲ, ಗಾಬರಿಯಿಂದಲ್ಲ. ಗೊತ್ತಿಲ್ಲದ್ದನ್ನು ಕೇಳಿದವರು ಬರೆದುಕೊಳ್ಳುವ ಹಾಗೆ ಬರೆದುಕೊಳ್ಳುತ್ತಿದ್ದೆ.

ಆಗ ನನಗೆ ಎಲ್ಲ ತಿಳಿಯಿತು. ನನ್ನ ಅನ್ನಕ್ಕೆ ಕಲ್ಲು ಬೀಳದಿರಲಿ ಎಂದು ನೀನು ಬಿಟ್ಟದ್ದಲ್ಲ. ಅರ್ಜಿ ಬರೆದ ದಿನ ನಿನಗೆ ಅದು ಗೊತ್ತೇ ಇರಲಿಲ್ಲ. ನೀನು ಗುಳ್ಳೆಗಳಲ್ಲಿ ಮುಳುಗಿದ್ದೆ, ನಾನು ಚೊಕ್ಕ ಹಾಳೆ ತಂದು ಮೇಜಿನ ಮೇಲಿಟ್ಟರೆ "ಭೇಷ್" ಎಂದು ಎತ್ತಿಕೊಳ್ಳುತ್ತಿದ್ದೆ. ಹೇಗಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ನಾನು ನಿನ್ನ ಕೆಲಸದವರಿಗೆ ಕಲಿಸುವಾಗ ನೀನು ಮೇಲಿನ ಕೋಣೆಯಲ್ಲಿ ಬಂದವರಿಗೆ ಕಾಫಿ ಕೊಡಿಸುತ್ತಿದ್ದೆ. ಇಷ್ಟು ವರ್ಷ ಕಂಪನಿ ನಡೆಸಿದ್ದೀಯ, ಆ ಕೋಣೆಯ ಬಾಗಿಲು ತೆಗೆದು ನೋಡಿಲ್ಲ. "ನಿನಗೆ ಗೊತ್ತು, ನನಗೆ ಗೊತ್ತು" ಎಂದು ಬರೆದು ನನ್ನ ಸಹಿ ತೆಗೆದುಕೊಂಡೆಯಲ್ಲ ಅಣ್ಣಾ. ನಿನಗೆ ಏನು ಗೊತ್ತಿತ್ತು?

ವಿಚಾರಣೆ ಮುಗಿದು ನೀನು ನನ್ನನ್ನು ಬಿಟ್ಟು ಇಳಿದುಹೋದೆ. ವರಾಂಡದಲ್ಲಿ ಎದುರು ಕಡೆಯ ತಜ್ಞ ಹಿಂದಿನಿಂದ ಬಂದ. "ಹಸಿ ಇರುವಾಗಲೇ ಅಂತ ನಮಗೆ ಹೊಳೀಲೇ ಇಲ್ಲ ಮೇಡಂ. ತುಂಬ ಒದ್ದಾಡಿಬಿಟ್ವಿ. ದೊಡ್ಡ ಕೆಲಸ ಮಾಡಿದೀರಿ" ಎಂದು ಕೈಮುಗಿದ. ಮುಂದಿನ ವರ್ಷ ಅವರ ಬೋರ್ಡುಗಳು ನನ್ನ ರೀತಿಯಲ್ಲೇ ಒಣಗುತ್ತವೆ, ಯಾರಿಗೂ ಒಂದು ಕಾಸು ಕೊಡಬೇಕಾಗಿಲ್ಲ. ಆದರೂ ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗುತ್ತದೆ ಹೇಳಲು. ನಿನ್ನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ನಿನ್ನನ್ನು ಮುಳುಗಿಸಿದವನ ಬಾಯಿಂದ ಬಂತು.

ಕಾರ್ಖಾನೆಯವರು ನನ್ನನ್ನು ಮನೆಗೆ ಕಳಿಸಿದ್ದಾರೆ, ವಿಚಾರಣೆ ಆಗುವವರೆಗೆ ಬರಬೇಡಿ ಎಂದು. ಆಗಲಿ. ನಿನ್ನ ಕೆಲಸಗಾರರು ನನಗೆ ಫೋನ್ ಮಾಡಿದರು, ನೀನು ಹೇಳಿದ ಹಾಗೇ ಕೇಳಿದರು. ನಿಜ ಹೇಳಿದೆ, ನನ್ನಿಂದಲೇ ಹೋಯಿತು ಎಂದು. ಒಬ್ಬಳು ಫೋನಿನಲ್ಲೇ ಅತ್ತಳು, ಒಬ್ಬಳು ಬೈದಳು. ಬೈದದ್ದು ಸರಿ.

ಆದರೆ ನಿನ್ನನ್ನು ಒಂದು ಕೇಳಬೇಕು. ಅರ್ಜಿ ಬರೆಯುವ ದಿನ ನಾನು ಸತ್ತುಹೋಗಿರಲಿಲ್ಲ. ಆಗ ಇಬ್ಬರೂ ಒಂದೇ ಊರಿನಲ್ಲಿದ್ದೆವು, ನಿನ್ನಿಂದ ಎರಡು ಬೀದಿ ಆಚೆ ನನ್ನ ಮನೆ. "ನನಗೆ ಇದು ಗೊತ್ತಿಲ್ಲ ಮೊಂಡಿ, ಹೇಗೆ ಮಾಡಿದೆ ಹೇಳು" ಎಂದು ಒಂದು ಮಾತು ಅಂದಿದ್ದರೆ, ಅವತ್ತೇ ಒಂದು ಹಾಳೆಯಲ್ಲಿ ಬರೆದು ತಂದು ಕೊಡುತ್ತಿದ್ದೆ. ಹೆಸರು ಕೂಡ ಹಾಕುತ್ತಿರಲಿಲ್ಲ.

ತಂಗಿ